ಸಹಾಯ ಬೇಕು: ಶುಲ್ಕವಿಲ್ಲದೆ ಪ್ರಕಟಿಸುವ ಸಂಶೋಧನಾ ಪತ್ರಿಕೆಗಳ ಮಾಹಿತಿ

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯ ಖಾಸಗಿ ಪದವಿ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಆಳಂದ, ಅಫಜಲಪುರ ತಾಲ್ಲೂಕುಗಳ ಹೊಲಗಳಲ್ಲಿ ತೊಗರಿ ಗಿಡಗಳ ಕಾಂಡ ಸೀಳಿ, ಒಳಗಿನ ಕಪ್ಪು ಗೆರೆಗಳನ್ನು ನೋಡಿ ಸೊರಗು ರೋಗವನ್ನು ದಾಖಲಿಸಿದ ನಮ್ಮ ಅತಿಥಿ ಉಪನ್ಯಾಸಕಿಯೊಬ್ಬರ ಲೇಖನವನ್ನು ವಿದೇಶಿ ಪತ್ರಿಕೆಯೊಂದು ಸ್ವೀಕರಿಸಿದೆ. ಆದರೆ ಅದು ಕೇಳುತ್ತಿರುವ ಪ್ರಕಟಣಾ ಶುಲ್ಕ ಅವರ ಹಲವು ತಿಂಗಳ ಗೌರವಧನಕ್ಕೆ ಸಮ. ಬಡ ದೇಶಗಳಿಗೆ ಕೊಡುವ ವಿನಾಯಿತಿ ಕೇಳಿದಾಗ, ಭಾರತ ಆ ಪಟ್ಟಿಯಲ್ಲಿಲ್ಲ ಎಂಬ ಉತ್ತರ ಬಂದಿದೆ.

ಹೆಸರಾಂತ ವಿಜ್ಞಾನ ಪತ್ರಿಕೆ ನೇಚರ್, ಮುಕ್ತ ಪ್ರಕಟಣೆಗೆ (ಲೇಖನವನ್ನು ಯಾರು ಬೇಕಾದರೂ ಉಚಿತವಾಗಿ ಓದುವಂತೆ ಪ್ರಕಟಿಸುವುದಕ್ಕೆ) 9,500 ಯೂರೋ ಶುಲ್ಕವನ್ನು 2020ರಲ್ಲೇ ಘೋಷಿಸಿತ್ತು. ಯುರೋಪಿನಲ್ಲಿ ಇಂಥ ಶುಲ್ಕವನ್ನು ಬಹುಮಟ್ಟಿಗೆ ವಿಶ್ವವಿದ್ಯಾಲಯವೋ ಅನುದಾನವೋ ಭರಿಸುತ್ತದೆ, ಇಲ್ಲಿ ಹೆಚ್ಚಾಗಿ ಲೇಖಕರೇ ಭರಿಸಬೇಕು. 2025ರಲ್ಲಿ ಆರಂಭವಾದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಯಡಿ ಸರ್ಕಾರಿ ಸಂಸ್ಥೆಗಳಿಗೆ ಸುಮಾರು 13,000 ಪತ್ರಿಕೆಗಳು ಓದಲು ಸಿಗುತ್ತವೆ. ನಮ್ಮ ಕಾಲೇಜಿಗೆ ಆ ಸೌಲಭ್ಯವೂ ಇಲ್ಲ. ತೊಗರಿ ಬೆಳೆಯುವ ನೆಲದ ಸಂಶೋಧನೆಯನ್ನು ಆ ನೆಲದವರೇ ಪ್ರಕಟಿಸಲಾಗದ ಈ ಸ್ಥಿತಿ ಅನ್ಯಾಯವೆಂದೇ ನನ್ನ ಭಾವನೆ.

ಲೇಖಕರಿಂದ ಹಣ ಪಡೆಯದೆ, ತಜ್ಞರಿಂದ ಸರಿಯಾಗಿ ಪರಿಶೀಲನೆ ಮಾಡಿಸುವ ಸಸ್ಯರೋಗ ವಿಷಯದ ಪತ್ರಿಕೆಗಳು ತಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಸಂಪಾದಕರಿಗೆ ಪತ್ರ ಬರೆದು ವಿಶೇಷ ವಿನಾಯಿತಿ ಪಡೆದವರಿದ್ದರೆ, ಆ ಪತ್ರದ ಮಾದರಿಯನ್ನು ಹಂಚಿಕೊಳ್ಳಬೇಕೆಂದು ವಿನಂತಿ. ಹಣ ಕೊಟ್ಟರೆ ವಾರದಲ್ಲೇ ಪ್ರಕಟಿಸುವ ಪತ್ರಿಕೆಗಳನ್ನು ದಯವಿಟ್ಟು ಸೂಚಿಸಬೇಡಿ.