ಪದಚರ್ಚೆ: ಬಸುರಿಯರ ಕರಪತ್ರದಲ್ಲಿ ‘ಪೇನ್ ಕ್ರೈಸಿಸ್’ಗೆ ‘ಬೇನೆ’ ಅನ್ನಬಹುದೆ?

ಪ್ರಶ್ನೆ (ಬಾಗಲಕೋಟೆ):
ಸಿಕಲ್ ಸೆಲ್ (ಕೆಂಪು ರಕ್ತಕಣ ಕುಡಗೋಲಿನಂತೆ ಬಾಗುವ, ತಂದೆ ತಾಯಿಯಿಂದ ಬರುವ ರೋಗ) ಇರುವ ಬಸುರಿಯರ ಆರೈಕೆ ಕುರಿತ ಎರಡು ಪುಟದ ಕರಪತ್ರ ಕನ್ನಡಕ್ಕೆ ಬರುತ್ತಿದೆ. ಓದುವವರು ಆಶಾ ಕಾರ್ಯಕರ್ತೆಯರು. ರೋಗಕ್ಕೆ ‘ಕುಡಗೋಲು ಕಣ ರಕ್ತಹೀನತೆ’, ಈ ರೋಗದಲ್ಲಿ ತಟ್ಟನೆ ಏಳುವ ತೀವ್ರ ನೋವಾದ ಪೇನ್ ಕ್ರೈಸಿಸ್‌ಗೆ ‘ಬೇನೆ’, ರೋಗವಿಲ್ಲದೆ ಅದರ ಗುಣವನ್ನಷ್ಟೇ ಹೊತ್ತ ಕ್ಯಾರಿಯರ್‌ಗೆ ‘ವಾಹಕಿ’ ಎಂದಿಟ್ಟಿದ್ದೇನೆ. ನಡೆದೀತೆ?

ಉತ್ತರ (ಬೆಳಗಾವಿ):
‘ಬೇನೆ’ ಬೇಡವೇ ಬೇಡ ಸರ. ನಮ್ಮ ಕಡೆ ಬಸುರಿಯ ವಿಷಯದಲ್ಲಿ ಬ್ಯಾನಿ ಅಂದರೆ ಹೆರಿಗೆ ನೋವು. ‘ಬ್ಯಾನಿ ತಿನ್ನಾಕತ್ತಾಳ’ ಅಂದರೆ ಗಾಡಿ ತರ್ರಿ ಅಂತಲೇ ಅರ್ಥ. ಸಿಕಲ್ ನೋವು ಬೇರೆ. ಬಾಗಿ ಗಡುಸಾದ ಕಣಗಳು ಸಣ್ಣ ರಕ್ತನಾಳದಲ್ಲಿ ಸಿಕ್ಕಿ ರಕ್ತದ ಓಟ ಕಟ್ಟುತ್ತವೆ. ಬೆನ್ನು, ಎದೆ, ಕೈಕಾಲಿನ ಎಲುಬು ನೋಯುತ್ತವೆ. ಐದನೇ ತಿಂಗಳಲ್ಲೂ ಬಂದೀತು, ಹಡೆದ ಮೇಲೂ ಬಂದೀತು. ಏಳು ತಿಂಗಳ ಬಸುರಿ ‘ನಡಾ ಬ್ಯಾನಿ’ ಅಂದಾಗ ಹೊಟ್ಟೆ ಬಿಗಿದು, ಸಡಿಲಾಗಿ, ಮತ್ತೆ ಬಿಗಿಯುತ್ತಿದ್ದರೆ ಹೆರಿಗೆಯದು. ಬಿಡುವಿಲ್ಲದೆ ಎಲುಬು ಕಡಿಯುತ್ತಿದ್ದರೆ ಸಿಕಲ್ ನೋವಿರಬಹುದು. ಎರಡಕ್ಕೂ ಆಸ್ಪತ್ರೆಯೇ ದಾರಿ. ಜ್ವರ, ಎದೆನೋವು, ಏದುಸಿರು ಕೂಡಿದರೆ ಪುಪ್ಪುಸಕ್ಕೆ ತಗಲಿದೆಯೆಂದೇ ತಿಳಿದು ಓಡಬೇಕು. ಡೈಕ್ಲೊಫೆನಾಕ್, ಐಬುಪ್ರೊಫೆನ್ ಅಂಗಡಿಯಿಂದ ತಂದು ನುಂಗಬಾರದು. 12 ವಾರದೊಳಗೂ 28 ವಾರ ದಾಟಿದ ಮೇಲೂ ಕೂಸಿಗೆ ಕೇಡು.

‘ಬಿಕ್ಕಟ್ಟು’ ಎಂದೂ ಬರೆಯಬೇಡಿ, ಅದು ಸರ್ಕಾರಗಳಿಗೆ ಬರುವಂಥದ್ದು. ‘ಸಿಕಲ್ ನೋವು’ ಸಾಕು.

ನನಗೆ ಹೆಚ್ಚು ಹೆದರಿಕೆ ‘ರಕ್ತಹೀನತೆ’ಯದು. ಆ ಪದ ಕಂಡರೆ ಕೈ ತಾನಾಗಿ ಕಬ್ಬಿಣದ ಕೆಂಪು ಗುಳಿಗೆಯ ಪಟ್ಟಿಗೆ ಹೋಗುತ್ತದೆ. ಇಲ್ಲಿ ರಕ್ತ ಇಳಿಯುವುದು 120 ದಿನ ಬಾಳಬೇಕಾದ ಕಣ 10–20 ದಿನಕ್ಕೇ ಒಡೆಯುವುದರಿಂದ. ಒಡೆದ ಕಣದ ಕಬ್ಬಿಣ ಬಹುಪಾಲು ಮೈಯಲ್ಲೇ ಉಳಿಯುತ್ತದೆ. ಪದೇ ಪದೇ ರಕ್ತ ಏರಿಸಿಕೊಂಡವರಲ್ಲಂತೂ ಗುಡ್ಡೆ ಬಿದ್ದಿರುತ್ತದೆ. ಹಾಗಾಗಿ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟೆಂದು ತೋರಿಸುವ ರಕ್ತಪರೀಕ್ಷೆ) ನೋಡಿ, ಕೊರತೆಯಿದ್ದರಷ್ಟೇ ಕಬ್ಬಿಣ. ಈ ರೋಗವಿರುವ ಬಸುರಿಯರೆಲ್ಲರಿಗೂ ಬೇಕಾದ್ದು ದಿನಕ್ಕೆ 5 ಮಿಲಿಗ್ರಾಂ ಫೋಲಿಕ್ ಆಮ್ಲ. ಕೆಂಪು ಗುಳಿಗೆಯಲ್ಲಿ ಕಬ್ಬಿಣ 60 ಮಿಲಿಗ್ರಾಂ, ಫೋಲಿಕ್ ಆಮ್ಲ ಬರೀ ಅರ್ಧ ಮಿಲಿಗ್ರಾಂ. ಅದು ಇದಕ್ಕೆ ಬದಲಿಯಲ್ಲ. ಹೆಸರಿನಲ್ಲಿ ‘ರಕ್ತಹೀನತೆ’ ಬಿಟ್ಟು ‘ಸಿಕಲ್ ಸೆಲ್ ರೋಗ’ ಎಂದಿಡಿ.

ಇನ್ನೊಂದು ಉತ್ತರ (ವಿಜಯಪುರ):
ಮೇಲಿನ ಮಾತಿಗೆ ಸಹಮತ. ‘ಕುಡಗೋಲು’ ಪದವೇನೋ ಚೆಂದ: ಕುಡು ಅಂದರೆ ಬಾಗಿದ, ಕೋಲಿನ ಕಕಾರ ಗಕಾರವಾಗಿದೆ, ಆದೇಶ ಸಂಧಿ. ಜೋಳ ಕೊಯ್ಯುವವರಿಗೆ ಕಣದ ಆಕಾರ ಕಣ್ಣಿಗೆ ಕಟ್ಟುತ್ತದೆ. ಆದರೆ 2023ರಲ್ಲಿ ಶುರುವಾದ ರಾಷ್ಟ್ರೀಯ ಅಭಿಯಾನದ ಹೆಸರಲ್ಲೂ ಲ್ಯಾಬ್ ವರದಿಯಲ್ಲೂ ಸಿಕಲ್ ಸೆಲ್ ಎಂದೇ ಇರುವುದು. ಕುಡಗೋಲು ವಿವರಣೆಯ ಒಂದು ಸಾಲಿನಲ್ಲಿರಲಿ.

‘ವಾಹಕಿ’ ತೆಗೆಯಿರಿ. ಡೆಂಗಿ ಕರಪತ್ರದಲ್ಲಿ ಸೊಳ್ಳೆಯೂ ರೋಗವಾಹಕವೇ. ಸೊಸೆಗೆ ಆ ಹೆಸರು ಅಂಟಿದರೆ ಬೇರೆ ತಾಟು, ಬೇರೆ ತಂಬಿಗೆ. ಹೊಲ ಹಂಚಿಕೊಂಡವರಿಗೆ ಪಾಲು ಗೊತ್ತು: ಸಿಕಲ್ ಗುಣ ತಂದೆ ತಾಯಿಯಲ್ಲಿ ಒಬ್ಬರಿಂದಷ್ಟೇ ಬಂದವರು ‘ಒಂದು ಪಾಲಿನವರು’, ಇಬ್ಬರಿಂದಲೂ ಬಂದವರಿಗೆ ರೋಗ. ಗಂಡ ಹೆಂಡತಿ ಇಬ್ಬರೂ ಒಂದು ಪಾಲಿನವರಾದರೆ ಪ್ರತಿ ಬಸುರಿನಲ್ಲೂ ಕೂಸಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಮೊದಲನೆಯದಕ್ಕೆ ಬಂತು, ಇನ್ನು ಮೂರಕ್ಕೆ ಬರುವುದಿಲ್ಲ ಎಂಬ ಲೆಕ್ಕ ತಪ್ಪು. ಒಂದು ಪಾಲೋ ಎರಡೋ ಎಂಬುದನ್ನು ಸಾಲ್ಯುಬಿಲಿಟಿ ಪರೀಕ್ಷೆ (ಸಿಕಲ್ ಗುಣ ಇದೆಯೋ ಇಲ್ಲವೋ ಎಂದಷ್ಟೇ ತೋರಿಸುವುದು) ಹೇಳದು, ಹಿಮೋಗ್ಲೋಬಿನ್ ಬಗೆಗಳನ್ನು ಅಳೆಯುವ ಎಚ್‌ಪಿಎಲ್‌ಸಿ ಬೇಕು.

ಕೊನೆಯ ಪುಟದಲ್ಲಿ ಬಾಣಂತಿಗೆ ‘ಪಥ್ಯ’ ಎಂದಿದ್ದರೆ ಅದನ್ನೂ ನೋಡಿ. ನಮ್ಮ ಮನೆಗಳಲ್ಲಿ ಪಥ್ಯ ಅಂದರೆ ಮೊದಲು ಬಂದಾಗುವುದು ನೀರು, ಮತ್ತು ನೀರು ಕಡಿಮೆಯಾದರೆ ಕಣ ಬಾಗುವುದು ಹೆಚ್ಚು. ‘ಬೆಚ್ಚಗಿನ ನೀರು ಕೇಳಿದಾಗೆಲ್ಲ ಕೊಡಿರಿ; ಬಿಪಿ ಏರಿದವರಿಗೆ ಎಷ್ಟೆಂದು ಡಾಕ್ಟರರನ್ನು ಕೇಳಿರಿ’ ಎಂದೇ ಬಿಡಿಸಿ ಬರೆಯಿರಿ.