ಹಾಟ್ ಸ್ಪ್ರಿಂಗ್ಸ್ ಪ್ರವಾಸ: ಟೆಂಟೋ ಕ್ಯಾಬಿನ್ನೋ? ಹೋಗಿ ಬಂದವರು ತಿಳಿಸಿ

ಫ್ರಿಸ್ಕೋ, ಟೆಕ್ಸಸ್‌ನಿಂದ ಪ್ರಶ್ನೆ:

ಪುತ್ತೂರಿನಿಂದ ಅತ್ತೆ, ಮಾವ ಬಂದಿದ್ದಾರೆ. ಅಕ್ಟೋಬರ್‌ನಲ್ಲಿ ಮಕ್ಕಳಿಗೆ ರಜೆ ಸಿಗುವಾಗ ಅರ್ಕಾನ್ಸಾಸ್‌ನ ಬಿಸಿನೀರಿನ ಬುಗ್ಗೆಗಳ ಊರು ಹಾಟ್ ಸ್ಪ್ರಿಂಗ್ಸ್‌ಗೆ ಹೋಗಿ ಮೂರು ರಾತ್ರಿ ತಂಗಿ ಬರುವ ಯೋಚನೆ ಇದೆ. ಅತ್ತೆಗೆ ಮಂಡಿನೋವು. ಊರಿನ ಹತ್ತಿರದ ಇರ್ದೆಯ ಬಿಸಿನೀರಿನ ಬುಗ್ಗೆಯಾದ ಬೆಂದ್ರ್ ತೀರ್ಥವನ್ನು ನೆನೆದುಕೊಂಡು, ಇಲ್ಲಿಯೂ ಬುಗ್ಗೆಗೆ ಇಳಿದು ಕುಳಿತುಕೊಳ್ಳಬಹುದು ಎಂದು ಆಸೆ ಇಟ್ಟುಕೊಂಡಿದ್ದಾರೆ. ನಮ್ಮ ಯಜಮಾನರಿಗೆ ಮಕ್ಕಳನ್ನು ಟೆಂಟಿನಲ್ಲಿ ಮಲಗಿಸಬೇಕು ಎಂಬ ಹಟ. ಮಾವನವರದು ಒಂದೇ ಮಾತು: ರಾತ್ರಿ ಎದ್ದರೆ ಶೌಚಾಲಯ ನಾಲ್ಕು ಹೆಜ್ಜೆಯಲ್ಲಿ ಇರಬೇಕು. ಮಕ್ಕಳಿಗೆ ಹನ್ನೊಂದು ಮತ್ತು ಆರು ವರ್ಷ. ಎಲ್ಲಿ ಉಳಿದುಕೊಳ್ಳುವುದು, ಸ್ನಾನ ಎಲ್ಲಿ, ಅಡುಗೆ ಹೇಗೆ? ಅನುಭವ ಇರುವವರು ದಯವಿಟ್ಟು ಬರೆಯಿರಿ.

ಲಿಟಲ್ ರಾಕ್‌ನಿಂದ:

ನಮಗೆ ಹಾಟ್ ಸ್ಪ್ರಿಂಗ್ಸ್ ಒಂದು ಗಂಟೆಯ ದಾರಿ. ಊರಿನಿಂದ ಯಾರೇ ಹಿರಿಯರು ಬಂದರೂ ನಮ್ಮ ಮನೆಯವರು ಮೊದಲು ಕರೆದೊಯ್ಯುವುದು ಅಲ್ಲಿಗೇ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ನಿಮ್ಮ ಅತ್ತೆಯವರಿಗೆ ಒಂದು ವಿಷಯ ಈಗಲೇ ಹೇಳಿಬಿಡಿ. ಬಯಲಿನಲ್ಲಿ ಬುಗ್ಗೆಗೆ ಇಳಿದು ಮೀಯುವ ಅವಕಾಶ ಅಲ್ಲಿ ಎಲ್ಲಿಯೂ ಇಲ್ಲ. ಬೆಟ್ಟದ ಬುಡದಲ್ಲಿ 47 ಬುಗ್ಗೆಗಳಿವೆ. ನೀರು ಕೆಡಬಾರದೆಂದು ಹೆಚ್ಚಿನವನ್ನು ಮುಚ್ಚಿ ಬೀಗ ಹಾಕಿದ್ದಾರೆ. ಹುಲ್ಲಿನ ನಡುವೆ ಹಸಿರು ಬಣ್ಣದ ಪೆಟ್ಟಿಗೆಗಳು ಕಾಣುತ್ತವೆ, ಅವುಗಳ ಕೆಳಗೆ ಇರುವುದೇ ಬುಗ್ಗೆ. ಹೊರಬರುವ ನೀರಿನ ಬಿಸಿ ಸುಮಾರು 62 ಡಿಗ್ರಿ ಸೆಲ್ಸಿಯಸ್. ಅದರಲ್ಲಿ ಕುಳಿತುಕೊಳ್ಳುವ ಮಾತೇ ಇಲ್ಲ. ಆರ್ಲಿಂಗ್ಟನ್ ಹೋಟೆಲಿನ ಪಕ್ಕದ ಹುಲ್ಲುಹಾಸಿನಲ್ಲಿ ಬಿಸಿನೀರು ಬಂಡೆಯ ಮೇಲಿಂದ ಹರಿದು ಕೊಳಕ್ಕೆ ಬೀಳುತ್ತದೆ. ಚಳಿಯ ಬೆಳಗಿನಲ್ಲಿ ಹೋದರೆ ಹಬೆ ಏಳುವುದನ್ನು ನೋಡಬಹುದು, ಕೈ ಅದ್ದಿ ನೋಡಬಹುದು, ಅಷ್ಟೇ. ಬೆಂದ್ರ್ ತೀರ್ಥದ ಹಾಗೆ ಗಂಧಕದ ವಾಸನೆಯೂ ಇಲ್ಲ. ನೀರು ತಿಳಿಯಾಗಿದೆ, ರುಚಿಯೂ ಚೆನ್ನಾಗಿದೆ.

ಈ ನೀರಿನ ಕಥೆಯನ್ನು ಮಕ್ಕಳಿಗೆ ಹೇಳಿಯೇ ಕರೆದೊಯ್ಯಿರಿ. ಅಲ್ಲಿ ಜ್ವಾಲಾಮುಖಿ ಇಲ್ಲ. ಸುತ್ತಲಿನ ಬೆಟ್ಟಗಳ ಮೇಲೆ ಬಿದ್ದ ಮಳೆ ಬಂಡೆಯ ಬಿರುಕುಗಳಲ್ಲಿ ನಿಧಾನವಾಗಿ ಇಳಿದು ಒಂದೂವರೆ-ಎರಡು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿ, ಭೂಮಿಯ ಒಡಲಿನ ಬಿಸಿಗೇ ಕಾದು, ಬಿರುಕಿನ ಜಾಡು ಸಿಕ್ಕಿದಾಗ ಬೇಗನೆ ಮೇಲೇರಿ ಬರುತ್ತದೆ. ಇಳಿದು ಏರುವ ಈ ಪಯಣಕ್ಕೆ ಸುಮಾರು 4,000 ವರ್ಷ ಹಿಡಿಯುತ್ತದೆ ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ನಿಮ್ಮ ಮಗ ಬೊಗಸೆಯಲ್ಲಿ ಹಿಡಿಯುವ ನೀರು ಪಿರಮಿಡ್ಡುಗಳ ಕಾಲದ ಮಳೆ!

ಸ್ನಾನಕ್ಕೆ ಎರಡು ದಾರಿ. ಸೆಂಟ್ರಲ್ ಅವೆನ್ಯೂದಲ್ಲಿ ಎಂಟು ಹಳೆಯ ಸ್ನಾನಗೃಹಗಳು ಸಾಲಾಗಿ ನಿಂತಿವೆ. ಅವುಗಳಲ್ಲಿ ಬಕ್‌ಸ್ಟಾಫ್ 1912ರಿಂದ ಇಂದಿನವರೆಗೂ ಹಳೆಯ ಕ್ರಮದಲ್ಲಿಯೇ ಸ್ನಾನ ಮಾಡಿಸುತ್ತಿದೆ. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ವಿಭಾಗ. ಬಟ್ಟೆ ಕಳಚಿದ ಮೇಲೆ ಸಹಾಯಕಿ ಬಿಳಿಯ ದುಪ್ಪಟಿ ಸುತ್ತಿ ಕರೆದೊಯ್ಯುತ್ತಾರೆ. ಆಳವಾದ ತೊಟ್ಟಿಯಲ್ಲಿ ಕೂರಿಸುತ್ತಾರೆ, ಕುಡಿಯಲು ಲೋಟದಲ್ಲಿ ಅದೇ ಬುಗ್ಗೆಯ ನೀರು ಕೊಡುತ್ತಾರೆ. ಆಮೇಲೆ ನೋವಿರುವ ಕಡೆಗೆ ಬಿಸಿ ಬಟ್ಟೆಯ ಶಾಖ, ತಲೆ ಮಾತ್ರ ಹೊರಗಿರುವ ಹಬೆಯ ಪೆಟ್ಟಿಗೆ, ಕೊನೆಗೆ ನಾಲ್ಕೂ ಕಡೆಯಿಂದ ಸೂಜಿಯಂತೆ ಚಿಮ್ಮುವ ನೀರು. ಮಂಡಿಗೆ ಶಾಖ ಕೊಟ್ಟಾಗ ನಮ್ಮ ಅಮ್ಮ ಕಣ್ಣು ಮುಚ್ಚಿ ‘ಅಬ್ಬಾ’ ಎಂದವರು ಮತ್ತೆ ಮಾತನಾಡಿದ್ದು ಹೊರಗೆ ಬಂದ ಮೇಲೆಯೇ. ಆದರೆ ಬೇರೆಯವರ ಮುಂದೆ ಬಟ್ಟೆ ಕಳಚುವುದು ನಮ್ಮ ಹಿರಿಯ ಹೆಂಗಸರಿಗೆ ಸುಲಭದ ಮಾತಲ್ಲ. ಅತ್ತೆಯವರಿಗೆ ಮನೆಯಲ್ಲಿಯೇ ಎಲ್ಲವನ್ನೂ ಬಿಡಿಸಿ ಹೇಳಿ, ಒಪ್ಪಿದರೆ ಮಾತ್ರ ಕರೆದುಕೊಂಡು ಹೋಗಿ. ಇಲ್ಲದಿದ್ದರೆ ಪಕ್ಕದಲ್ಲಿಯೇ ಕ್ವಾಪಾ ಸ್ನಾನಗೃಹ ಇದೆ. ಅಲ್ಲಿ ಈಜುಡುಪು ಹಾಕಿಕೊಂಡೇ ಗಂಡಸರು, ಹೆಂಗಸರು ಒಟ್ಟಿಗೆ ಇಳಿಯುವ ಕೊಳಗಳಿವೆ, ಒಂದೊಂದರಲ್ಲಿ ಒಂದೊಂದು ಹದದ ಬಿಸಿ. ಎರಡೂ ಕಡೆ ಚಿಕ್ಕ ಮಕ್ಕಳನ್ನು ಬಿಡುವುದಿಲ್ಲ. ವಯಸ್ಸಿನ ಮಿತಿಯನ್ನು ಫೋನ್ ಮಾಡಿ ಕೇಳಿಕೊಳ್ಳಿ. ದೊಡ್ಡವರು ಸರದಿಯಂತೆ ಹೋಗಬೇಕಾಗುತ್ತದೆ. ವಾರಾಂತ್ಯದಲ್ಲಿ ಕಾಯುವುದು ತಪ್ಪದು, ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ನಿಲ್ಲಿ.

ತಂಗುವುದಕ್ಕೆ ನನ್ನ ಮಾತು ಖಚಿತ: ಹಿರಿಯರು ಜೊತೆಗಿದ್ದರೆ ಲೇಕ್ ಕ್ಯಾಥರೀನ್ ಸ್ಟೇಟ್ ಪಾರ್ಕಿನ ಕ್ಯಾಬಿನ್. ಹಾಟ್ ಸ್ಪ್ರಿಂಗ್ಸ್‌ನಿಂದ ಅರ್ಧ ಗಂಟೆಯ ಒಳಗಿನ ದಾರಿ. 1930ರ ದಶಕದಲ್ಲಿ ಆರ್ಥಿಕ ಮುಗ್ಗಟ್ಟಿನ ಕಾಲಕ್ಕೆ ಸರಕಾರ ಕೆಲಸ ಕೊಟ್ಟ ಸಿವಿಲಿಯನ್ ಕನ್ಸರ್ವೇಷನ್ ಕೋರ್‌ನ ಹುಡುಗರು ಅಲ್ಲಿನ ಕಲ್ಲು, ಮರದಿಂದಲೇ ಕಟ್ಟಿದ ಕ್ಯಾಬಿನ್ನುಗಳು ಇಂದಿಗೂ ಬಾಡಿಗೆಗೆ ಸಿಗುತ್ತವೆ. ಒಳಗೇ ಅಡುಗೆಮನೆ, ಬಚ್ಚಲು, ಶೌಚಾಲಯ ಇವೆ, ಮುಂದೆ ಕೆರೆ. ಟೆಂಟು ಹಾಕುವ ಜಾಗಗಳೂ ಅದೇ ಪಾರ್ಕಿನಲ್ಲಿವೆ. ಒಂದು ಕ್ಯಾಬಿನ್, ಒಂದು ಟೆಂಟಿನ ಜಾಗ ಎರಡನ್ನೂ ಹಿಡಿದರೆ ನಿಮ್ಮ ಯಜಮಾನರ ಹಟವೂ ನಡೆಯುತ್ತದೆ, ಮಾವನವರ ನಿದ್ದೆಯೂ ಕೆಡುವುದಿಲ್ಲ.

ಪ್ಲೇನೊದಿಂದ:

ಕ್ಯಾಬಿನ್ನಿನ ಪರ ಇಷ್ಟು ಬಂದಿದೆ, ಟೆಂಟಿನ ಪರ ನಾನು ಬರೆಯುತ್ತೇನೆ. ಬುಗ್ಗೆಗಳಿರುವ ನ್ಯಾಷನಲ್ ಪಾರ್ಕಿನ ಒಳಗೇ ಇರುವ ಗಲ್ಫಾ ಗಾರ್ಜ್ ಶಿಬಿರತಾಣಕ್ಕಿಂತ ಒಳ್ಳೆಯ ಜಾಗ ಆ ಊರಿನ ಸುತ್ತ ಇನ್ನೊಂದಿಲ್ಲ. 40 ಜಾಗಗಳಿವೆ, ಪಕ್ಕದಲ್ಲಿ ತೊರೆ ಹರಿಯುತ್ತದೆ. ಟೆಂಟಿನಿಂದ ಹೊರಗೆ ಕಾಲಿಟ್ಟರೆ ಕಾಲುಹಾದಿ ಶುರು. ಗೋಟ್ ರಾಕ್ ಎಂಬ ಬಂಡೆಯವರೆಗೆ ಏರಿದರೆ ಕಣಿವೆಯೆಲ್ಲ ಕಾಣುತ್ತದೆ. ಹನ್ನೊಂದು ವರ್ಷದ ಮಗುವಿಗೆ ಇದು ಸಲೀಸು. ಆ ಬಂಡೆ ನೊವಾಕುಲೈಟ್ ಎಂಬ ಜಾತಿಯ ಕಲ್ಲು. ಮೂಲನಿವಾಸಿಗಳು ಸಾವಿರಾರು ವರ್ಷಗಳಿಂದ ಅದನ್ನು ಒಡೆದು ಈಟಿಯ ಮೊನೆ ಮಾಡುತ್ತಿದ್ದರು. ಈಗಲೂ ಕತ್ತಿ ಮಸೆಯುವ ಸಾಣೆಕಲ್ಲಾಗಿ ಜಗತ್ತಿಗೆಲ್ಲ ಹೋಗುತ್ತದೆ. ನಿಮ್ಮ ಮಾವನವರು ತೋಟದವರಾಗಿದ್ದರೆ ಊರಿಗೆ ಒಯ್ಯಲು ಒಂದು ಸಾಣೆಕಲ್ಲು ಕೊಡಿಸಿ, ಬೇರೆ ಯಾವ ಉಡುಗೊರೆಗಿಂತಲೂ ಹೆಚ್ಚು ಸಂತೋಷಪಡುತ್ತಾರೆ.

ಗಲ್ಫಾ ಗಾರ್ಜ್‌ನಲ್ಲಿ ನೀರು, ವಿದ್ಯುತ್ತು, ಶೌಚಾಲಯ ಎಲ್ಲ ಇವೆ, ಸ್ನಾನಕ್ಕೆ ಶವರ್ ಇಲ್ಲ. ಇದನ್ನು ಮೊದಲೇ ತಿಳಿದಿರಬೇಕು. ಸೌದೆಯನ್ನು ಟೆಕ್ಸಸ್‌ನಿಂದ ಒಯ್ಯಬೇಡಿ. ಆ್ಯಶ್ ಮರಗಳನ್ನು ಕೊಲ್ಲುವ ಎಮರಾಲ್ಡ್ ಆ್ಯಶ್ ಬೋರರ್ ಎಂಬ ಹುಳು 2014ರಲ್ಲಿ ಅರ್ಕಾನ್ಸಾಸ್‌ನಲ್ಲಿ ಪತ್ತೆಯಾಯಿತು. ಅದು ಊರಿಂದೂರಿಗೆ ಹರಡುವುದೇ ಹೀಗೆ ಸೌದೆ ಸಾಗಿಸುವವರಿಂದ. ಸುಡುವ ಊರಿನಲ್ಲಿಯೇ ಕೊಂಡು ಸುಡಿ.

ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಹಾಟ್ ಸ್ಪ್ರಿಂಗ್ಸ್ ಸುತ್ತಲಿನ ವಾಶಿಟಾ ಬೆಟ್ಟಗಳ ತೊರೆಗಳನ್ನು ನಂಬಬೇಡಿ. 2010ರ ಜೂನ್ 11ರ ನಸುಕಿನಲ್ಲಿ ಇದೇ ಬೆಟ್ಟಸಾಲಿನ ಆಲ್ಬರ್ಟ್ ಪೈಕ್ ಶಿಬಿರತಾಣದಲ್ಲಿ ಮಲಗಿದ್ದವರ ಮೇಲೆ ಲಿಟಲ್ ಮಿಸೌರಿ ನದಿ ನುಗ್ಗಿತು. 20 ಜನ ತೀರಿಕೊಂಡರು, ಅವರಲ್ಲಿ ಪುಟ್ಟ ಮಕ್ಕಳೂ ಇದ್ದರು. ಕಡಿದಾದ ಬೆಟ್ಟದ ಮೇಲೆ ಸುರಿದ ಮಳೆಯೆಲ್ಲ ಇಕ್ಕಟ್ಟಾದ ಕಣಿವೆಗೆ ಇಳಿಯುವುದರಿಂದ ನೀರು ನಿಮಿಷಗಳ ಲೆಕ್ಕದಲ್ಲಿ ಏರುತ್ತದೆ, ಮೊಬೈಲಿಗೆ ಸಂಕೇತವೂ ಸಿಗುವುದಿಲ್ಲ. ಕಾಡಿನ ಒಳಗಿನ ಯಾವ ತಾಣಕ್ಕೆ ಹೋದರೂ ಮಳೆಯ ಮುನ್ಸೂಚನೆ ನೋಡಿ, ತೊರೆಯ ಅಂಚನ್ನು ಬಿಟ್ಟು ಎತ್ತರದ ಜಾಗ ಹಿಡಿಯಿರಿ, ಕತ್ತಲಲ್ಲಿ ಮೇಲೇರುವ ದಾರಿಯನ್ನು ಬೆಳಕಿರುವಾಗಲೇ ಮಕ್ಕಳಿಗೂ ತೋರಿಸಿಡಿ. ಜೋರು ಮಳೆಯ ಸೂಚನೆ ಇದ್ದರೆ ಟೆಂಟಿನ ಆಸೆ ಬಿಡಿ. ಕಟ್ಟಿದ ಹಣ ಹೋದರೆ ಹೋಗಲಿ.

ಬೆಂಟನ್‌ವಿಲ್‌ನಿಂದ:

ಅಕ್ಟೋಬರ್ ಆರಿಸಿದ್ದೀರಿ, ಬಹಳ ಒಳ್ಳೆಯದಾಯಿತು. ಬೇಸಿಗೆಯಲ್ಲಿ ಅಲ್ಲಿನ ಸೆಕೆಗೆ ಬಿಸಿನೀರಿನ ಸ್ನಾನವೆಂದರೆ ಯಾರೂ ಒಪ್ಪುವುದಿಲ್ಲ. ಅಕ್ಟೋಬರ್‌ನಲ್ಲಿ ಹಗಲು ಹಿತವಾಗಿರುತ್ತದೆ, ರಾತ್ರಿ ಮಾತ್ರ ನೆಲದಿಂದ ಚಳಿ ಏಳುತ್ತದೆ. ಟೆಂಟಿನಲ್ಲಿ ಮಲಗುವ ಮಕ್ಕಳಿಗೆ ಹೊದೆಯುವುದಕ್ಕಿಂತ ಕೆಳಗೆ ಹಾಸುವುದು ದಪ್ಪವಾಗಿರಲಿ. ಹುಲ್ಲಿನಲ್ಲಿ ಓಡಾಡಿ ಬಂದರೆ ಉಣ್ಣೆಹುಳು ಅಂಟಿದೆಯೇ ಎಂದು ಕಿವಿಯ ಹಿಂದೆ, ಕಂಕುಳಲ್ಲಿ, ಮಂಡಿಯ ಹಿಂಭಾಗದಲ್ಲಿ ಪ್ರತಿ ಸಂಜೆ ನೋಡಿ.

ಅಡುಗೆಯ ಬಗ್ಗೆ ಕೇಳಿದ್ದೀರಿ. ಹಾಟ್ ಸ್ಪ್ರಿಂಗ್ಸ್‌ನಲ್ಲಿ ನಮ್ಮ ಸಾಮಾನು ಸಿಗುವುದೆಂದು ನೆಚ್ಚಬೇಡಿ. ಅಕ್ಕಿ, ಬೇಳೆ, ಹುಣಸೆಹಣ್ಣು, ಸಾರಿನ ಪುಡಿ ಎಲ್ಲವನ್ನೂ ಫ್ರಿಸ್ಕೋದಿಂದಲೇ ಕಟ್ಟಿಕೊಳ್ಳಿ, ಕುಕ್ಕರ್ ಮರೆಯಬೇಡಿ. ಕ್ಯಾಬಿನ್ನಿನಲ್ಲಿ ಪಾತ್ರೆ, ಒಲೆ, ಫ್ರಿಜ್ ಇರುತ್ತವೆ. ಆದರೆ ಹೊಗೆ ಪತ್ತೆಹಚ್ಚುವ ಗಂಟೆಯೂ ಇರುತ್ತದೆ. ಒಣಮೆಣಸಿನಕಾಯಿಯ ಒಗ್ಗರಣೆಗೆ ಅದು ಕೂಗಿಕೊಂಡರೆ ಮಲಗಿರುವ ಹಿರಿಯರು ಗಾಬರಿಯಾಗುತ್ತಾರೆ. ನಾವು ಒಗ್ಗರಣೆಯನ್ನು ಮನೆಯಲ್ಲಿಯೇ ಮಾಡಿ ಪುಟ್ಟ ಡಬ್ಬಿಯಲ್ಲಿ ಒಯ್ಯುತ್ತೇವೆ. ಬಿಸಿ ಸಾರಿಗೆ ಒಂದು ಚಮಚ ಬೆರೆಸಿದರೆ ಸಾಕು. ಉಳಿದ ಅನ್ನ, ಹಣ್ಣಿನ ಸಿಪ್ಪೆ ಯಾವುದನ್ನೂ ರಾತ್ರಿ ಹೊರಗಿನ ಮೇಜಿನ ಮೇಲೆ ಬಿಡಬೇಡಿ, ರಕೂನುಗಳು ಡಬ್ಬಿಯ ಮುಚ್ಚಳವನ್ನೇ ತೆರೆಯುತ್ತವೆ.

ಒಂದು ದಿನವನ್ನು ಮಕ್ಕಳಿಗಾಗಿ ಎತ್ತಿಡಿ. ಮರ್ಫ್ರೀಸ್‌ಬರೊದ ಕ್ರೇಟರ್ ಆಫ್ ಡೈಮಂಡ್ಸ್ ಪಾರ್ಕ್ ಅಲ್ಲಿಂದ ಸುಮಾರು ಒಂದು ಗಂಟೆಯ ದಾರಿ, ಫ್ರಿಸ್ಕೋಗೆ ಹಿಂತಿರುಗುವ ದಿನ ಸ್ವಲ್ಪ ಬಳಸಿ ಹೋಗಬಹುದು. ಉತ್ತ ಹೊಲದಂತಹ 37 ಎಕರೆ ಬಯಲಿನಲ್ಲಿ ನೀವೇ ಮಣ್ಣು ಜಾಲಿಸಿ ವಜ್ರ ಹುಡುಕುವುದು, ಸಿಕ್ಕಿದ್ದು ನಿಮ್ಮದೇ. 1924ರಲ್ಲಿ ಅಲ್ಲಿ ಸಿಕ್ಕ 40.23 ಕ್ಯಾರೆಟ್ಟಿನ ವಜ್ರಕ್ಕಿಂತ ದೊಡ್ಡದು ಅಮೆರಿಕದಲ್ಲಿ ಇಂದಿಗೂ ಸಿಕ್ಕಿಲ್ಲ. ನಮ್ಮ ಮಕ್ಕಳಿಗೆ ವಜ್ರ ಸಿಗಲಿಲ್ಲ, ಆದರೂ ಸಂಜೆಯವರೆಗೆ ಮಣ್ಣು ಬಿಟ್ಟು ಏಳಲಿಲ್ಲ. ಮಳೆ ಬಂದ ಮರುದಿನ ಹೋದರೆ ಮೇಲ್ಮಣ್ಣು ತೊಳೆದುಹೋಗಿ ಹೊಳೆಯುವ ಕಲ್ಲುಗಳು ಬೇಗ ಕಣ್ಣಿಗೆ ಬೀಳುತ್ತವೆ. ಟಿಕೆಟ್ಟನ್ನು ಮೊದಲೇ ತೆಗೆದಿಡಿ.

ಶುಶ್ರೂಷಕಿಯಾಗಿ ಕೆಲಸ ಮಾಡುವವರೊಬ್ಬರಿಂದ, ಹ್ಯೂಸ್ಟನ್:

ಎಲ್ಲರೂ ಸ್ನಾನದ ಸೊಗಸನ್ನು ಬರೆದಿದ್ದೀರಿ. ಅತ್ತೆಯವರ ರಕ್ತದೊತ್ತಡ, ಹೃದಯ ಹೇಗಿದೆ ಎಂದು ಯಾರೂ ಕೇಳಿಲ್ಲ. ಬಿಸಿನೀರಿನಲ್ಲಿ ರಕ್ತನಾಳಗಳು ಹಿಗ್ಗಿ ರಕ್ತದೊತ್ತಡ ಇಳಿಯುತ್ತದೆ. ಅದರ ಮಾತ್ರೆ ತೆಗೆದುಕೊಳ್ಳುವವರು ತೊಟ್ಟಿಯಿಂದ ಥಟ್ಟನೆ ಎದ್ದರೆ ತಲೆ ಸುತ್ತಿ ಬೀಳಬಹುದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂದವಾಗಿದ್ದರೆ ಬಿಸಿ ಎಷ್ಟಿದೆ ಎಂಬುದೇ ಗೊತ್ತಾಗುವುದಿಲ್ಲ, ಸುಟ್ಟುಕೊಳ್ಳುವ ಅಪಾಯ ಇದೆ. ಹೊರಡುವ ಮುಂಚೆ ಅವರ ವೈದ್ಯರನ್ನು ಒಂದು ಮಾತು ಕೇಳಿ. ಹಬೆಯ ಪೆಟ್ಟಿಗೆ ಬೇಡವೆಂದರೆ ಅಲ್ಲಿನವರು ಒತ್ತಾಯ ಮಾಡುವುದಿಲ್ಲ. ಬೆಚ್ಚಗಿನ ನೀರು ಮಂಡಿನೋವನ್ನು ಆ ಹೊತ್ತಿಗೆ ಖಂಡಿತ ತಗ್ಗಿಸುತ್ತದೆ, ಸವೆದ ಕೀಲನ್ನು ಸರಿಮಾಡುವುದಿಲ್ಲ. ಅಷ್ಟನ್ನು ತಿಳಿದು ಹೋದರೆ ಅವರಿಗೂ ನಿರಾಸೆಯಾಗುವುದಿಲ್ಲ.

ಮೆಂಫಿಸ್‌ನಿಂದ:

ಊರನ್ನು ನೋಡದೆ ಬರಬೇಡಿ. ಬುಗ್ಗೆಗಳಿರುವ ಈ ನೆಲವನ್ನು ಸರಕಾರ 1832ರಲ್ಲಿಯೇ ಕಾದಿರಿಸಿತು, ಯೆಲ್ಲೊಸ್ಟೋನ್‌ಗಿಂತ ನಲವತ್ತು ವರ್ಷ ಮೊದಲು. ನ್ಯಾಷನಲ್ ಪಾರ್ಕ್ ಆದದ್ದು 1921ರಲ್ಲಿ. ಪ್ರವೇಶ ಶುಲ್ಕ ಇಲ್ಲ. 1915ರ ಫೋರ್ಡೈಸ್ ಸ್ನಾನಗೃಹ ಈಗ ವಸ್ತುಸಂಗ್ರಹಾಲಯ. ಗಂಡಸರ ಸ್ನಾನದ ಹಜಾರದಲ್ಲಿ ತಲೆಯೆತ್ತಿ ಬಣ್ಣದ ಗಾಜಿನ ಚಾವಣಿಯನ್ನು ನೋಡಿ. ವೈದ್ಯರು ಮೂರು ವಾರಗಳ ಸ್ನಾನದ ಚೀಟಿ ಬರೆದುಕೊಡುತ್ತಿದ್ದ ಕಾಲ ಅದು. ಆ ತೊಟ್ಟಿಗಳಲ್ಲಿ ಬಿಳಿಯರ ಮೈ ಉಜ್ಜುತ್ತಿದ್ದ ಕಪ್ಪು ಜನರಿಗೆ ಅದೇ ತೊಟ್ಟಿಯಲ್ಲಿ ಮೀಯುವ ಹಕ್ಕು ಇರಲಿಲ್ಲ. ಅವರು ಮಾಲ್ವರ್ನ್ ಅವೆನ್ಯೂದ ಕಡೆ ತಮ್ಮದೇ ಸ್ನಾನಗೃಹ ಕಟ್ಟಿಕೊಂಡಿದ್ದರು. ಕೆರೆಯ ನೀರಿಗೂ ಬಾವಿಯ ನೀರಿಗೂ ಜಾತಿಯ ಬೇಲಿ ಹಾಕಿದ ನಾಡಿನಿಂದ ಬಂದ ನಾವು ಈ ಭಾಗವನ್ನು ಮಕ್ಕಳಿಗೆ ಹಾರಿಸದೆ ಹೇಳಬೇಕು ಎಂಬುದು ನನ್ನ ಅನಿಸಿಕೆ. ಹನ್ನೊಂದು ವರ್ಷದವರಿಗೆ ಚೆನ್ನಾಗಿ ಅರ್ಥವಾಗುತ್ತದೆ.

ಮುಂದೆಂದಾದರೂ ಚಳಿಗಾಲದ ಕೊನೆಗೆ ಹೋಗುವುದಾದರೆ ಓಕ್‌ಲಾನ್ ಕುದುರೆ ಪಂದ್ಯದ ವಾರಾಂತ್ಯಗಳನ್ನು ತಪ್ಪಿಸಿ. ಕೋಣೆಯ ಬಾಡಿಗೆಯೂ ರಸ್ತೆಯ ದಟ್ಟಣೆಯೂ ಏರಿರುತ್ತವೆ.

ಫ್ರಿಸ್ಕೋದಿಂದ ಮತ್ತೆ:

ಎಲ್ಲರಿಗೂ ವಂದನೆಗಳು. ಮಾವನವರು ಇದನ್ನೆಲ್ಲ ಓದಿಸಿಕೊಂಡು ಕೇಳಿದರು. ಸಾಣೆಕಲ್ಲಿನ ವಿಷಯ ಬಂದಾಗ ಎದ್ದು ಕುಳಿತರು. ಲೇಕ್ ಕ್ಯಾಥರೀನ್‌ನಲ್ಲಿ ಕ್ಯಾಬಿನ್ನೂ ಟೆಂಟಿನ ಜಾಗವೂ ಹುಡುಕುತ್ತಿದ್ದೇವೆ. ಅತ್ತೆಯವರು ಈಜುಡುಪಿಗಿಂತ ದುಪ್ಪಟಿಯೇ ವಾಸಿ ಎಂದಿದ್ದಾರೆ, ವೈದ್ಯರನ್ನು ಸೋಮವಾರ ಕಾಣುತ್ತೇವೆ. ಇನ್ನೊಂದೇ ಪ್ರಶ್ನೆ: ಆ ನೀರನ್ನು ಮನೆಗೆ ತರಬಹುದೇ? ಕ್ಯಾಬಿನ್ ಸಿಗದಿದ್ದರೆ ಮುಂದೇನು?

ಲಿಟಲ್ ರಾಕ್‌ನಿಂದ:

ಧಾರಾಳವಾಗಿ ತನ್ನಿ. ಊರಿನ ಒಳಗೆ ನೀರು ತುಂಬಿಕೊಳ್ಳುವುದಕ್ಕೆಂದೇ ನಲ್ಲಿಗಳಿವೆ, ಹಣ ಕೊಡಬೇಕಾಗಿಲ್ಲ, ಸ್ಥಳೀಯರು ಕ್ಯಾನುಗಳನ್ನು ಸಾಲಾಗಿ ಇಟ್ಟುಕೊಂಡು ತುಂಬುತ್ತಿರುತ್ತಾರೆ. ನಲ್ಲಿಯಲ್ಲಿ ಬರುವುದು ಬಿಸಿನೀರು, ತೆಳು ಪ್ಲಾಸ್ಟಿಕ್ ಬಾಟಲಿ ಬೇಡ. ತಣ್ಣೀರೇ ಬೇಕೆಂದರೆ ಹ್ಯಾಪಿ ಹಾಲೊ ಮತ್ತು ವಿಟಿಂಗ್ಟನ್ ಎಂಬ ತಣ್ಣನೆಯ ಬುಗ್ಗೆಗಳ ನಲ್ಲಿಗಳು ಬೇರೆ ಇವೆ.

ಲೇಕ್ ಕ್ಯಾಥರೀನ್ ಸಿಗದಿದ್ದರೆ ಲೇಕ್ ವಾಶಿಟಾ ಸ್ಟೇಟ್ ಪಾರ್ಕ್ ನೋಡಿ. ಅಲ್ಲಿಯೂ ಕೆರೆಯ ಅಂಚಿನಲ್ಲಿ ಕ್ಯಾಬಿನ್ನುಗಳಿವೆ. ಕೆರೆ ಬಹಳ ದೊಡ್ಡದು, 40,000 ಎಕರೆ, ನೀರು ಸ್ಫಟಿಕದ ಹಾಗೆ ತಿಳಿ. ಎಲೆ ಕೆಂಪಾಗುವ ಅಕ್ಟೋಬರ್ ಕೊನೆಯ ವಾರಾಂತ್ಯಗಳು ಎಲ್ಲಕ್ಕಿಂತ ಮೊದಲು ತುಂಬುತ್ತವೆ. ಭಾನುವಾರದಿಂದ ಬುಧವಾರದವರೆಗೆ ಹೊಂದಿಸಿಕೊಳ್ಳಲು ಆದರೆ ಎರಡು ಪಾರ್ಕುಗಳಲ್ಲಿ ಒಂದರಲ್ಲಿ ಸಿಗುವ ಸಂಭವ ಹೆಚ್ಚು, ಬಕ್‌ಸ್ಟಾಫ್‌ನಲ್ಲಿ ಕಾಯುವುದೂ ಕಡಿಮೆಯಾಗುತ್ತದೆ. ಯಾರಾದರೂ ರದ್ದು ಮಾಡಿದರೆ ಜಾಗ ಮತ್ತೆ ತೆರೆಯುತ್ತದೆ, ಇಂದು ಇಲ್ಲವೆಂದರೂ ದಿನಕ್ಕೊಮ್ಮೆ ನೋಡುತ್ತಿರಿ.