ಅಪ್‌ಡೇಟ್: ಪಾಡ್‌ಕಾಸ್ಟ್ ಹೊಸ ಸರ್ವರ್‌ಗೆ ಬಂತು, ಹರಟೆ ಮ್ಯಾಟ್ರಿಕ್ಸ್‌ಗೆ

ನಮ್ಮ ಪಾಡ್‌ಕಾಸ್ಟನ್ನು ಸ್ವಂತ ಸರ್ವರ್‌ಗೆ ತರುವುದು ಹೇಗೆ, ಕೇಳುಗರ ವಾಟ್ಸ್‌ಆ್ಯಪ್ ಗುಂಪಿನ ಬದಲು ಏನು ಬಳಸಬಹುದು ಅಂತ ಕೇಳಿದ್ದೆ. ದಾರಿ ತೋರಿಸಿದ ಎಲ್ಲರಿಗೂ ಧನ್ಯವಾದ. ಎರಡೂ ಕೆಲಸ ಆಗಿವೆ.

ಜಾಸ್ತಿ ಭಯವಿದ್ದದ್ದು ಆರ್‌ಎಸ್‌ಎಸ್ ಫೀಡ್, ಅಂದರೆ ಆ್ಯಪ್‌ಗಳು ಹೊಸ ಸಂಚಿಕೆಗಾಗಿ ನೋಡುವ ಪಟ್ಟಿಯ ಬಗ್ಗೆ. ಅದರ ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ 301 ರೀಡೈರೆಕ್ಟ್ ಹಾಕಿದೆವು. ಹೊಸ ಫೀಡ್‌ನಲ್ಲಿ ಹೊಸ ವಿಳಾಸದ ಟ್ಯಾಗ್ ಸೇರಿಸಿದೆವು. ಕನಿಷ್ಠ 4 ವಾರ ಇವೆರಡನ್ನೂ ಇಟ್ಟಿರಿ ಎನ್ನುವುದು ಆ್ಯಪಲ್‌ನ ಸಲಹೆ. ನನ್ನ ಪ್ರಕಾರ ತೆಗೆಯದಿರುವುದೇ ಒಳ್ಳೆಯದು. ಪ್ರತಿ ಸಂಚಿಕೆಯ ಜಿಯುಐಡಿ (ಅದನ್ನು ಗುರುತಿಸುವ ವಿಶಿಷ್ಟ ಸಂಕೇತ) ಮಾತ್ರ ಹಳೆಯದೇ ಇರಬೇಕು. ಅದು ಬದಲಾದರೆ ಆ್ಯಪ್‌ಗಳು ಹಳೆಯ ಸಂಚಿಕೆಗಳನ್ನೆಲ್ಲ ಹೊಸದೆಂದು ಮತ್ತೆ ತೋರಿಸುತ್ತವೆ. ನಮ್ಮದು ಬರೀ ಮಾತು, ಸಂಗೀತವಿಲ್ಲ. ಹಾಗಾಗಿ ಸೆಕೆಂಡಿಗೆ 128 ಕಿಲೋಬಿಟ್ (ಕೆಬಿಪಿಎಸ್) ಬಿಟ್ಟು 64ರ ಮೊನೊಗೆ, ಅಂದರೆ ಒಂದೇ ಚಾನೆಲ್‌ನ ಧ್ವನಿಗೆ ಬಂದೆವು. ಒಂದು ಗಂಟೆಯ ಫೈಲ್ 58 ಎಂಬಿಯಿಂದ 29ಕ್ಕೆ ಇಳಿಯಿತು. ಹಳ್ಳಿಯಲ್ಲಿ ಕೇಳುವವರಿಗೆ ಇದು ದೊಡ್ಡ ವಿಷಯ ಅಲ್ವಾ? ಧ್ವನಿಮಟ್ಟ ಈಗ ಎಲ್ಲ ಸಂಚಿಕೆಗೂ -16 ಎಲ್‌ಯುಎಫ್‌ಎಸ್ (ಧ್ವನಿಯ ಜೋರು ಅಳೆಯುವ ಮಾನ).

ಹರಟೆಗೆ ಮ್ಯಾಟ್ರಿಕ್ಸ್ ಎಂಬ ಮುಕ್ತ ಚಾಟ್ ವ್ಯವಸ್ಥೆ ಆರಿಸಿದೆವು. ವಿಷಯಕ್ಕೊಂದು ಕೋಣೆ ಮಾಡಬಹುದು. ಹೊಸಬರಿಗೆ ಫೋನ್ ನಂಬರ್ ಬಯಲಾಗುವ ಚಿಂತೆಯಿಲ್ಲ. ಹಳೆಯ ಮಾತುಕತೆಯನ್ನೂ ಅವರು ಓದುವಂತೆ ಸೆಟ್ಟಿಂಗ್ ಇದೆ. ಆದರೂ ಹಿರಿಯ ಕೇಳುಗರು ವಾಟ್ಸ್‌ಆ್ಯಪ್ ಬಿಡಲು ಒಪ್ಪಲಿಲ್ಲ. ಅವರನ್ನು ಕಳೆದುಕೊಳ್ಳುವ ಮನಸ್ಸು ನಮಗೂ ಇರಲಿಲ್ಲ. ಅದಕ್ಕೇ ಒಂದರ ಸಂದೇಶವನ್ನು ಇನ್ನೊಂದಕ್ಕೆ ದಾಟಿಸುವ ಬ್ರಿಡ್ಜ್ ತಂತ್ರಾಂಶ ಹಾಕಿ ಎರಡನ್ನೂ ಜೋಡಿಸಿದೆವು. ಒಂದು ಎಚ್ಚರಿಕೆ: ಬ್ರಿಡ್ಜ್‌ಗೆ ಜೋಡಿಸಿದ ವಾಟ್ಸ್‌ಆ್ಯಪ್ ಖಾತೆಯ ಫೋನಿನಲ್ಲಿ 14 ದಿನ ವಾಟ್ಸ್‌ಆ್ಯಪ್ ತೆರೆಯದಿದ್ದರೆ ಸಂಪರ್ಕ ಕಡಿದುಹೋಗುತ್ತದೆ.

ಮುಂದಿನ ಕೆಲಸ ಸಂಚಿಕೆಗಳಿಗೆ ಅಧ್ಯಾಯ ಗುರುತು ಮತ್ತು ಕನ್ನಡ ಪಠ್ಯ ಸೇರಿಸುವುದು. ಕಿವಿ ಕೇಳದವರೂ ಓದುವಂತಾಗಬೇಕು. ಯಾರಾದರೂ ಮಾಡಿದ್ದರೆ ದಯವಿಟ್ಟು ತಿಳಿಸಿ.